ಲಗೇಜು

ಬೆಲೆ ಕೇಳಲಿಲ್ಲ, ಎರಡನ್ನೂ ಎತ್ತಿ ನೋಡಿದೆ ಮೊದಲು.
ಹತ್ತೊಂಬತ್ತು ವರ್ಷ ಮಂಡ್ಯ–ನಾಗಮಂಗಲ ರೂಟಿನಲ್ಲಿ
ಕೋಳಿ, ಕುಕ್ಕೆ, ಬೆಲ್ಲದ ಮೂಟೆ, ರೇಷ್ಮೆಗೂಡಿನ ಚೀಲ
ಕಣ್ಣಳತೆಯಲ್ಲೇ ತೂಗಿ ಟಿಕೆಟು ಹರಿದ ಕೈ ಇದು.
ಒಂದು, ನನ್ನ ಬುತ್ತಿಯಷ್ಟು.
ಇನ್ನೊಂದಕ್ಕೆ ಲಗೇಜು ಹಾಕಬೇಕು.

ವಿ.ವಿ. ರೋಡಿನ ಅಂಗಡಿ. ಡ್ಯೂಟಿ ಇಳಿದು ನೇರ ಬಂದಿದ್ದೆ.
ಚೀಟಿ ಎತ್ತಿದ ಅರವತ್ತು ಸಾವಿರ
ಚರ್ಮದ ಚೀಲದ ತಳದಲ್ಲಿ, ಚಿಲ್ಲರೆಯ ಕೆಳಗೆ.
"ಇದು ಮೂವತ್ನಾಲ್ಕು ಆಂಟಿ, ಕಾಲೇಜಿಗೆ ಧಾರಾಳ.
ಅದು ಒಂದು ಲಕ್ಷದ ಹನ್ನೆರಡು. ಗೇಮಿಂಗು.
ಅದರ ದಾರಿಯೇ ಬೇರೆ" ಅಂದ ತೌಫೀಕ್,
ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡು, ನನ್ನ ಹಾಗೇ.

ಇಂಚರ ಆಗಲೇ ಮೂವತ್ನಾಲ್ಕರ ಮುಂದೆ ಕೂತಿದ್ದಳು.
ಬಿಕಾಂ ಎರಡನೇ ವರ್ಷ. ಅವಳ ಲೆಕ್ಕ ಯಾವತ್ತೂ ತಾಳೆಯಾಗುತ್ತೆ.
"ಟ್ಯಾಲಿ ಓಡಿದ್ರೆ ಸಾಕು ಕಣಮ್ಮ.
ಉಳಿದ ದುಡ್ಡಲ್ಲಿ ನಿನ್ನ ದವಡೆಹಲ್ಲು ಕಟ್ಟಿಸ್ಕೊ."
ಹಿಂಗನ್ನೋ ಮಗಳು ಸಿಗೋದು ಪುಣ್ಯ ಅಂತಾರೆ.
ಪುಣ್ಯ ಬಂದು ಪಕ್ಕದ ಸೀಟಲ್ಲಿ ಕೂತರೆ
ಆಸೆಗೆ ನಿಲ್ಲೋಕೂ ಜಾಗ ಇರಲ್ಲ.

ದೊಡ್ಡದನ್ನ ಸುಮ್ಮನೆ ತೋರಿಸಪ್ಪ ಅಂದೆ.
ತೆರೆದ. ಅಕ್ಷರಗಳ ಸಂದಿಯಿಂದೆಲ್ಲ ಕೆಂಪು ಎದ್ದಿತು,
ಬೂದಿ ಕೆದಕಿ ಕೆಂಡ ಊದಿದ ಹಾಗೆ.
ಒಳಗೆಲ್ಲೋ ಫ್ಯಾನು ಗುಂಯ್ ಅಂತು.
"ಏನು ಹಾಕಲಿ ಆಂಟಿ? ಕಾರಾ, ಬಂದೂಕಾ?"
ನನ್ನ ಖಾಕಿ ನೋಡಿ, ನಕ್ಕು, ಅವನೇ ಹಾಕಿದ
ಒಂದು ಬಸ್ಸು.

ಯಾವ ದೇಶವೋ. ಮಳೆ ಬಿದ್ದ ರಸ್ತೆ.
ವೈಪರು ಒರೆಸಿದಷ್ಟೂ ಊರು ಮೂಡುತ್ತಿತ್ತು.
ಕನ್ನಡಿಯಲ್ಲಿ ಸಾಲಾಗಿ ಖಾಲಿ ಸೀಟು.
ಐನೂರರ ನೋಟು ಚಾಚೋರಿಲ್ಲ,
ಟಿಕೆಟ್ಟಿನ ಹಿಂದೆ ಬಾಕಿ ಬರೆಯೋ ಹಾಗಿಲ್ಲ,
ಮಗುವಿಗೆ ಐದೇ ವರ್ಷ ಅಂತ ಆಣೆ ಇಡೋರಿಲ್ಲ.
ಹತ್ತೊಂಬತ್ತು ವರ್ಷ ಡ್ರೈವರ ಬೆನ್ನು ನೋಡುತ್ತಾ ನಿಂತವಳು ನಾನು.
ಚಿಕ್ಕಬೋರಯ್ಯನ ಕುತ್ತಿಗೆಯ ಮಚ್ಚೆ
ಬಸರಾಳಿನ ತಿರುವಿಗಿಂತ ಚೆನ್ನಾಗಿ ಗೊತ್ತು ನನಗೆ.
ನಡುವೆ ಬೆನ್ನಿಲ್ಲದೆ ರಸ್ತೆ ನೋಡಿದ್ದು
ಅವತ್ತೇ.
ಮೂರನೇ ಸ್ಟಾಪಿನಲ್ಲಿ ನಿಲ್ಲಿಸಲಿಲ್ಲ. ಬೇಕಂತಲೇ.

ಅದೇ ಬಸ್ಸನ್ನ ಸಣ್ಣದರಲ್ಲಿ ಹಾಕು ಅಂದೆ.
"ಎಳೆಯಲ್ಲ ಆಂಟಿ."
ಎಳೆಯಿತು. ಹತ್ತು ಮಾರು ಓಟ, ಒಂದು ಜಗ್ಗು,
ಹತ್ತು ಮಾರು, ಒಂದು ತೂಕಡಿಕೆ.
ಮರಗಳು ಬರೀ ಪೆಟ್ಟಿಗೆ, ಮಳೆ ಬರೀ ಗೀಟು.
ನನ್ನ ಟಿಕೆಟ್ ಮಿಷನ್ನೂ ಹೀಗೇ,
ಬಸ್ಸು ಬಿರಿಯೋ ಹಾಗೆ ತುಂಬಿದಾಗಲೇ ಮುಷ್ಕರ ಹೂಡುತ್ತೆ.
ತಲೆಗೆ ಎರಡು ತಟ್ಟಿ, ಕಾಯ್ತೀನಿ.

ಇಂಚರ ನನ್ನನ್ನೇ ನೋಡುತ್ತಿದ್ದಳು,
ನಿದ್ದೆಯಲ್ಲಿ ಬೇರೆ ಸ್ಟಾಪಿಗೆ ಇಳಿದವಳ ಹಾಗೆ.
"ಅಮ್ಮ, ಅದು ನಿಂಗೆ ಬೇಕಾ?"
ಛೆ ಬುಡವ್ವ ಅಂದೆ. ಎಷ್ಟು ಬೇಗ ಅಂದೆ ಅಂದರೆ
ತೌಫೀಕ್ ತಲೆ ಬಗ್ಗಿಸಿ ವೈರು ಸುತ್ತತೊಡಗಿದ.
"ಕಂತಿದೆ ಆಂಟಿ," ಮೆಲ್ಲಗೆ, "ಹದಿನೆಂಟು ತಿಂಗಳು."
ಹದಿನೆಂಟು ತಿಂಗಳಿಗೆ ಎಷ್ಟು ಟ್ರಿಪ್ಪು,
ಹೆಂಗಸರಿಗೆ ಹರಿದು ಕೊಡೋ ಸೊನ್ನೆ ರೂಪಾಯಿ ಟಿಕೆಟ್ಟು ಎಷ್ಟು,
ಲೆಕ್ಕ ಅರ್ಧದಲ್ಲಿ ಬಿಟ್ಟೆ.

ಮೂವತ್ನಾಲ್ಕರದ್ದು ಕೊಂಡೆವು.
ಬ್ಯಾಗು ಪುಕ್ಕಟೆ, ಮೌಸಿಗೆ ಚೌಕಾಸಿ ನಡೆಯಿತು.

ವಾರ ಕಳೆದು ಒಂದು ರಾತ್ರಿ
ಅವಳ ಜರ್ನಲ್, ಲೆಡ್ಜರ್‌ಗಳ ಪಕ್ಕ
ಪುಟ್ಟ ಚಿತ್ರವೊಂದು ಕಂಡಿತು. ಹೆಸರು: ಅಮ್ಮ.
"ಎಲ್ಲಾ ತಗ್ಗಿಸಿದೀನಿ. ಎಲೆ ಇರಲ್ಲ, ನೆರಳಿರಲ್ಲ,
ಕನ್ನಡೀಲಿ ಏನೂ ಕಾಣಲ್ಲ. ಆದ್ರೆ ಓಡುತ್ತೆ,"
ಅಂದು ಮುಸುಕೆಳೆದು ಮಲಗಿದಳು.

ಈಗ ದಿನಾ ಹತ್ತೂವರೆಗೆ, ಸ್ವಲ್ಪ ಹೊತ್ತು,
ತೊಡೆ ಬಿಸಿಯಾಗೋವರೆಗೆ, ಅಷ್ಟೇ.
ಹಲ್ಲು ಇನ್ನೂ ಕಟ್ಟಿಸಿಲ್ಲ.
ತಿರುವಿನಲ್ಲಿ ಬಸ್ಸು ಕಂತಿಬಿಟ್ಟರೆ
ಮಂಚದ ಪಟ್ಟಿಗೆ ಎರಡು ತಟ್ಟಿ
"ರೈಟ್, ರೈಟ್" ಅಂತೀನಿ.
ಡ್ರೈವರು ನಾನೇ ಅನ್ನೋದು
ಆಮೇಲೆ ನೆನಪಾಗುತ್ತೆ.