ಪಾವ೯ತಮ್ಮ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಜಿನಿಯರಲ್ಲ.
ಡೈರಿಯ ಲ್ಯಾಬಿನಲ್ಲಿ ಹಾಲಿನ ಜಿಡ್ಡು ಅಳೆಯುವವನು.
ಪಾಳಿ ಮುಗಿಸಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತು
ಹಳೇ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ಹಾಕುವುದು ನನ್ನ ಚಟ.
ಬೀಡಿ ಬಿಟ್ಟ ಮೇಲೆ ಹಿಡಿದದ್ದು.
ಖರ್ಚು ಹೆಚ್ಚೂಕಡಿಮೆ ಅಷ್ಟೇ.

ಪೆನ್‌ಷನ್ ಮೊಹಲ್ಲಾದ ಮುಜಮ್ಮಿಲ್
ತೂಕದ ಲೆಕ್ಕದಲ್ಲಿ ಕೊಡುತ್ತಾನೆ ಅವನ್ನ.
"ಸತ್ತಿದೆ ಸಾರ್" ಅನ್ನುತ್ತಾನೆ.
ಸತ್ತಿರುವುದಿಲ್ಲ, ಕಂಪನಿ ಕೈಬಿಟ್ಟಿರುತ್ತದೆ,
ಎರಡೂ ಒಂದೇ ಏನಯ್ಯಾ ಅಂತ ಜಗಳ ತೆಗೆದರೆ
ತಕ್ಕಡಿಗೆ ಇನ್ನೊಂದು ಚಾರ್ಜರ್ ಎಸೆದು ಬಾಯಿ ಮುಚ್ಚಿಸುತ್ತಾನೆ.

ನನಗೆ ಕೆಲವು ಅಭಿಪ್ರಾಯಗಳಿವೆ.
ಕ್ಯಾಂಟೀನಿನಲ್ಲಿ ಯಾರೂ ಕೇಳುವುದಿಲ್ಲ.

ನೀನು ಮನುಷ್ಯನೋ ಅಂತ ಕೇಳುತ್ತದೆ ಪರದೆ,
ಹಾಗಿದ್ದರೆ ಫೈರ್ ಹೈಡ್ರೆಂಟುಗಳನ್ನು ಗುರುತಿಸು.
ಹಾಸನದಲ್ಲಿ ಎಲ್ಲಿದೆ ಸ್ವಾಮಿ ಅದು?
ಕೈಪಂಪು ತೋರಿಸು, ಎಮ್ಮೆ ತೋರಿಸು,
ಎನ್.ಆರ್. ಸರ್ಕಲ್ಲಿನಲ್ಲಿ ಅಡ್ಡ ನಿಂತ ಆಟೋ ತೋರಿಸು,
ನಿದ್ದೆಗಣ್ಣಲ್ಲೂ ಗುರುತಿಸುತ್ತೇನೆ.
ಮೂರು ಸಲ ತಪ್ಪಿದ್ದಕ್ಕೆ
ಮೊನ್ನೆ ಹತ್ತು ನಿಮಿಷ ನಾನು ಮನುಷ್ಯನಾಗಿರಲಿಲ್ಲ.

ಅಪ್‌ಡೇಟಿಗೆ "ಈಗ" ಇದೆ, "ಆಮೇಲೆ" ಇದೆ,
"ಬೇಡ" ಎಂಬ ಗುಂಡಿಯೇ ಇಲ್ಲ.
ಬೀಗರ ಬಲವಂತದ ಹಾಗೆ. ಅಲ್ಲ,
ಬೀಗರು ಎಲೆ ಎತ್ತಿದ ಮೇಲಾದರೂ ಬಿಡುತ್ತಾರೆ.

ಪ್ರಿಂಟರಿನ ವಿಷಯ ಬೇಡ. ಬಿ.ಪಿ. ಇದೆ.

ಬೆಳಗಿನ ಐದಕ್ಕೆ ಗುಲಾಬಿಯ ಮೇಲೆ ಶುಭೋದಯ ಕಳಿಸುವ
ಷಡ್ಡಕ ಚಂದ್ರಹಾಸನನ್ನು ಬೈದುಕೊಳ್ಳುತ್ತಿದ್ದೆ.
ಜ್ವರ ಬಂದು ಅವನು ಮಲಗಿದ ನಾಲ್ಕು ದಿನ
ಐದೂವರೆಗೆ ಎದ್ದೆದ್ದು ಫೋನು ನೋಡಿದೆ.
ಇದರಲ್ಲಿ ನನ್ನ ಅಭಿಪ್ರಾಯ ಇನ್ನೂ ಗಟ್ಟಿಯಾಗಿಲ್ಲ.

ಪುಕ್ಕಟೆ ಕೊಟ್ಟರೆ ಅವರಿಗೇನು ಗಿಟ್ಟುತ್ತೆ,
ಲ್ಯಾಬಿನ ರತ್ನಮಾಲ ಕೇಳಿದಳು.
ಹೆಪ್ಪಿಗೆ ಮಜ್ಜಿಗೆ ಕೇಳಿ ಬಂದವರ ಹತ್ತಿರ
ದುಡ್ಡು ಇಸ್ಕೋತೀಯ? ಅಂದೆ, ಗೆದ್ದವನ ಹಾಗೆ.
"ದೀಪ ಹಚ್ಚಿದ ಮೇಲೆ ಕೊಡಲ್ಲ ಸಾರ್" ಅಂದಳು.

ದುದ್ದದ ಪಾರ್ವತಮ್ಮನಿಗೆ ಎರಡು ಹಸು.
ದಿನಕ್ಕೆ ಹದಿನೆಂಟು ಲೀಟರು.
ಏಳು ತಿಂಗಳಿಂದ ಪ್ರೋತ್ಸಾಹಧನ ಬಂದಿಲ್ಲ.
ಯಾವ ಕಿಟಕಿಗೆ ಹೋದರೂ ಹೆಸರು ಒತ್ತಿ ನೋಡಿ
"ನೀವು ಇದರಲ್ಲಿ ಇಲ್ಲಮ್ಮ" ಅಂದರಂತೆ.
"ಇಲ್ಲೇ ಇದೀನಲ್ಲಪ್ಪಾ" ಅಂದಳಂತೆ,
ಕಂಬಿಯ ಈಚೆ ನಿಂತು.

ಸಂಘದ ದ್ಯಾವಪ್ಪನಿಂದ ಪೆನ್‌ಡ್ರೈವ್ ಇಸಕೊಂಡು ಬಂದೆ.
ಇದ್ದಾಳೆ, ನಲವತ್ತೊಂದನೇ ಸಾಲು.
ಕಣ್ಣಿಗೆ ಕಾಣುತ್ತಾಳೆ, ಹುಡುಕಿದರೆ ಸಿಗುವುದಿಲ್ಲ.
ಹನ್ನೊಂದರ ತನಕ ಗುದ್ದಾಡಿ
ಅವರೆಕಾಯಿ ಬಿಡಿಸಿದ ಹಾಗೆ ಹೆಸರು ಬಿಡಿಸಿದೆ:
ಪಾ.
ವ.
ಒಂಬತ್ತು.

ಯಾವಳೋ ಹುಡುಗಿ, ಯಾವತ್ತೋ,
ಅರ್ಕಾವತ್ತಿನ ಕೀಲಿ ಸಿಗದೆ
ನೋಡೋಕೆ ಒಂದೇ ಥರ ಇದೆಯಲ್ಲ ಅಂತ ಅಂಕಿ ಒತ್ತಿದ್ದಾಳೆ.
ಬೈಯುವ ಹಾಗಿಲ್ಲ. ತಂಗಿಯ ಮದುವೆ ಪತ್ರಿಕೆಗೆ
ನಾನೇ ಒತ್ತಿದ ಹದಿನಾರು ಒಂಬತ್ತುಗಳಿದ್ದವು,
ಎಲ್ಲರೂ ಓದಿಕೊಂಡು ಬಂದು ಉಂಡು ಹೋದರು.

ತಿದ್ದಿದೆ. ಆಗ ನನ್ನ ಪುಕ್ಕಟೆ ಫಾಂಟಿನಲ್ಲಿ
ಅರ್ಕಾವತ್ತು ಜಾರಿ, ಪಕ್ಕದ ತಕಾರದ ತಲೆಕಟ್ಟು ಹತ್ತಿ ಕೂತಿತು.
ಫಾಂಟು ಮಾಡಿದವರಿಗೆ ಚಿತ್ರ ತೆಗೆದು ಕಳಿಸಿದೆ.
ಬೆಳಗಾಗುವಷ್ಟರಲ್ಲಿ ಉತ್ತರ. ಹಿಮ ಬೀಳುವ ಯಾವುದೋ ಊರಿನ
ಯಾನುಶ್ ಎಂಬಾತ, ಕನ್ನಡದ ಒಂದಕ್ಷರ ಬಾರದು.
"ಈ ಬಾಲ ಈಗ ಸರಿಯಾದ ಕಡೆ ಇದೆಯೇ?"
ಒಂದು ಕೂದಲೆಳೆ ಎಡಕ್ಕೆ ಅಂದೆ. ಸರಿಸಿದ.
ಇನ್ನೊಂದೆಳೆ ಅಂದೆ. ಸರಿಸಿದ.
ಇದು ಯಾರ ಹೆಸರು ಅಂತ ಕೇಳಿದ.
ಹದಿನೆಂಟು ಲೀಟರ್ ಹಾಕುವವಳು ಅಂತ ಬರೆದೆ.
ಇಂಗ್ಲಿಷಿನಲ್ಲಿ ಅದು ಒಂಥರಾ ಕಾಣಿಸಿತು.
ಹಾಗೇ ಕಳಿಸಿದೆ.

ಹಣ ಇನ್ನೂ ಬಂದಿಲ್ಲ.
ಆಧಾರಿನಲ್ಲಿ ಅವಳು ಬರೀ ಪಾರ್ವತಿಯಂತೆ,
ಈಗ ಅದರ ತಕರಾರು.
ಹಸು ಕರು ಹಾಕಿತೆಂದು ಡಬ್ಬಿಯಲ್ಲಿ ಗಿಣ್ಣು ಕೊಟ್ಟು ಹೋದಳು.

ಅರವತ್ತಾರನೇ ಸಾಲಿನಲ್ಲಿ ಕಣ೯ಪ್ಪ,
ಎಪ್ಪತ್ತರಲ್ಲಿ ಧಮ೯ಯ್ಯ.
ನಾಳೆ ರಾತ್ರಿಪಾಳಿ.
ನಾಡಿದ್ದು ಕೂರಬೇಕು.