ಒಂಬಯ್ಯ ಸೇರಿದ್ದು

ಶಿವರಾಂಪೇಟೆ, ಛತ್ರಿ ರಿಪೇರಿ ಅಂಗಡಿಯ ಮೇಲಿನ ಕೋಣೆ.
ಭಾನುವಾರ ನಾಲ್ಕಕ್ಕೆ ಐದು ಜನ, ಒಂದು ಹರಿದ ಕಾದಂಬರಿ.
ಅದರೊಳಗಿನ ದ್ವೀಪದವರು ಆಡುವ ಮಾತಿಗೆ
ವ್ಯಾಕರಣ ಕಟ್ಟುತ್ತಾರಂತೆ. ದ್ವೀಪವೇ ಇಲ್ಲ.
ನಾನು ಮಂಡ್ಯದಿಂದ ಪ್ಯಾಸೆಂಜರ್ ಹಿಡಿದು ಬಂದವನು,
ಆಲೆಮನೆಯ ಹೊಗೆ ಇನ್ನೂ ಅಂಗಿಯಲ್ಲಿ.

‘ಹೆಸರು?’ ಕೇಳಿದರು ವಾರಿಜಾಕ್ಷಿ ಮೇಡಂ.
ಬಾಯಿ ಒಣಗಿತು. ಹೈಸ್ಕೂಲಿನಲ್ಲಿ
ಹಾಜರಿ ಕೂಗಿದಾಗೆಲ್ಲ ನನ್ನ ಹೆಸರಿಗೆ ನಾನೇ ತಪ್ಪು.
ಆಲು, ಅಸು, ಅಳ್ಳಿ...
ಬೆಂಚಿಗೆ ಬೆಂಚೇ ನಗುತ್ತಿತ್ತು.
‘ಒಂಬಯ್ಯ’ ಅಂದೆ, ನೆಲ ನೋಡುತ್ತ.

ಇಂತಿಯಾಜ್ ಅಕ್ಷರಪಟ್ಟಿ ತಿರುವಿದ.
‘ಸರಿಯಾಗೇ ಇದೆ. ಇದರಲ್ಲಿ ಹಕಾರ ಇಲ್ಲ.’

ಯಾರೂ ನಗಲಿಲ್ಲ.
‘ನನಗೆ ವರ್ಷವಾದರೂ ನಡುನಡುವೆ ಉಸಿರು ನುಗ್ಗುತ್ತೆ ಕಣಪ್ಪ’
ಅಂದರು ಮೇಡಂ,
ಶ್ಲೋಕ ಹೇಳಿ ಪಳಗಿದ ಗಂಟಲು ಸವರಿಕೊಂಡು.

ರಾತ್ರಿ ರೈಲಿನ ಬಾಗಿಲಲ್ಲಿ ನಿಂತು
ಯಲಿಯೂರು ದಾಟುವಾಗ
ಕಲಿತ ನಾಲ್ಕು ವಾಕ್ಯ ಜೋರಾಗಿಯೇ ಹೇಳಿಕೊಂಡೆ.
‘ಯಾವೂರ್ ಮಾತ್ಲಾ ಮಗಾ ಅದು?’
ಕೇಳಿದಳು ಎದುರಿನ ಅಜ್ಜಿ.
‘ಊರು ಇನ್ನೂ ಆಗಿಲ್ಲ ಕಣಜ್ಜಿ.’

‘ಆಯ್ತದೆ ಬುಡು’ ಅಂತ
ಉಳ್ಳಿಕಾಳಿನ ಚೀಲ ಸರಿಸಿ
ಕೂರಲು ಜಾಗ ಕೊಟ್ಟಳು.