ಗೂಟಿ

ಸರಕಾರಿ ದವಾಖಾನಿಯಲ್ಲಿ ಡ್ರೆಸ್ಸರ್ ನಾನು,
ಲಿಂಗಸುಗೂರಿನಲ್ಲಿ ಇಪ್ಪತ್ತಾರು ವರ್ಷ.
ಟ್ರ್ಯಾಕ್ಟರಿಗೆ ಸಿಕ್ಕ ಬೆರಳು, ಹಂದಿ ಸೀಳಿದ ತೊಡೆ,
ಕುದಿವ ಸಾರು ಬಿದ್ದ ಕೂಸಿನ ಬೆನ್ನು:
ತೊಳೆದು, ಒರೆಸಿ, ಮುಚ್ಚುವುದಷ್ಟೇ ಗೊತ್ತು.

ವರ್ಗವಾಗಿ ಹೋಗುವಾಗ ಡಾಕ್ಟರಮ್ಮ
ಈ ರಬ್ಬರ್ ಗಿಡವನ್ನು ಟಂಟಂನಲ್ಲಿ ಹೇರಿ ಕಳಿಸಿದರು.
ಆಗ ಅದು ನನ್ನ ಸೊಂಟದೆತ್ತರ.
ಈಗ ಪಡಸಾಲೆಯ ಶಹಾಬಾದ ಕಲ್ಲಿಗೆ ತಲೆ ತಾಗಿಸಿ
ಗಿಡ್ಡ ಬಾಗಿಲಲ್ಲಿ ನಿಂತ ಬೀಗರಂತೆ
ಕತ್ತು ಓರೆ ಮಾಡಿದೆ.

"ಕೊಡ್ಲಿ ತಗೊಂಡು ಒಂದು ಏಟು ಹಾಕಬಾರದ?" ಅಂದಳು ಹುಲಿಗೆಮ್ಮ.
ಬಾಜೂ ಮನೆ ಮೌಲಾಬಿ,
ಎರಡು ವರ್ಷದಿಂದ ಕಿಟಕಿಯಾಚೆ ಕಣ್ಣಿಟ್ಟವಳು,
"ಕಡೀಬ್ಯಾಡ್ರಿ ಮಾನಪ್ಪಣ್ಣ, ಗೂಟಿ ಕಟ್ರಿ.
ಬೇರು ಬಂದ ಮ್ಯಾಲೆ ತಲಿ ನನಗಿರ್ಲಿ" ಅಂದಳು.

ಹೊಸ ಬ್ಲೇಡಿನಿಂದ ಕಾಂಡದ ಸುತ್ತ ಎರಡು ಗೆರೆ ಎಳೆದೆ,
ನಡುವಿನ ಸಿಪ್ಪೆಯನ್ನು ಉಂಗುರದಂತೆ ಬಿಡಿಸಿದೆ.
ಹಾಲು ಸುರಿಯಿತು. ಕೈ ತಾನಾಗಿ ಹತ್ತಿ ಹುಡುಕಿತು.
ಒತ್ತಿ ಹಿಡಿದೆ. ನಿಂತಿತು.
ಒದ್ದೆ ತೆಂಗಿನ ನಾರು, ಮೇಲೆ ಗಾಜ್ ಪಟ್ಟಿ, ಮೇಲೆ ಪ್ಲಾಸ್ಟಿಕ್,
ಸುತ್ತಿ, ತಿರುವಿ, ಗಂಟು.
"ಮೊಣಕಾಲ ಆಪರೇಷನ್ ಆದವರ ಹಂಗ ಕಾಣ್ತದ."
ಪಟ್ಟಿ ದವಾಖಾನಿಯದು. ರಿಜಿಸ್ಟರಿನಲ್ಲಿ ಬರೆದೆ:
ಹೊರರೋಗಿ, ಒಂದು. ವಯಸ್ಸು ಒಂಬತ್ತು.
ಹೆಸರಿನ ಕಾಲಂ ಖಾಲಿ.

ಐವತ್ತು ದಿನಕ್ಕೆ ಬಿಚ್ಚಿದರೆ
ಬೇರಿಲ್ಲ.
ಗಾಯ ಮಾಯ್ದಿದೆ.
ಮೇಲಿನ ತುಟಿ ಕೆಳಗಿನ ತುಟಿಗೆ ತಾಗಿ
ನಡುವೆ ಕಂದು ಹಕ್ಕಳೆ, ಎಷ್ಟು ಅಂದದ್ದು!
ಸರ್ಜನ್ ಸಾಹೇಬರಿಗೆ ತೋರಿಸುವಂಥದ್ದು.
ನನಗೆ ಹೆಮ್ಮೆಯಾಯಿತು, ಆಮೇಲೆ ನಾಚಿಕೆ.

ಮೌಲಾಬಿ ಬಂದು ಉಗುರಿಂದ ಕೆರೆದು ನೋಡಿದಳು:
"ನೀವು ಮಾಯಿಸೀರಿ. ಮಾಯಬಾರದ್ರಿ ಇದು.
ಮಾಯೋ ದಾರಿ ಸಿಕ್ಕರ ಬೇರು ಯಾಕ ಬಿಡ್ತದ?
ಹಸರ ಪೊರಿ ಪೂರಾ ಕೆರೀರಿ, ಬೆಳ್ಳನ ಕಟಿಗಿ ಕಾಣಬೇಕು."

ಗೇಣು ಕೆಳಗೆ ಮತ್ತೆ ಕೊಯ್ದೆ.
ಬ್ಲೇಡಿನ ಬೆನ್ನಿಂದ ಕೆರೆದೆ, ಕೆರೆದೆ,
ಎಲುಬು ಕಂಡಂತೆ ಬಿಳುಪು.
ಕೈ ನಡುಗಿತು. ನಗಬೇಡಿ,
ಕಾಲು ತೆಗೆಯುವಾಗ ಟ್ರೇ ಹಿಡಿದ ಕೈ ಇದು,
ಆಗ ನಡುಗಿರಲಿಲ್ಲ.

ಏಪ್ರಿಲ್. ನಲವತ್ತಮೂರು ಡಿಗ್ರಿ. ಕರೆಂಟ್ ಬಂದು, ಹೋಗಿ, ಬಂದು.
ಎರಡು ದಿನಕ್ಕೊಮ್ಮೆ ಸಿರಿಂಜಿನಿಂದ ನೀರು ಚುಚ್ಚಿ
ನಾರನ್ನು ಹಸಿ ಇಟ್ಟೆ.
ಕೂಲರಿನ ಗಾಳಿ ಗಿಡಕ್ಕೇ ಹೆಚ್ಚೆಂದು ಮನೆಯಲ್ಲಿ ಜಗಳ.
ನಲವತ್ತನೆಯ ದಿನ ಪ್ಲಾಸ್ಟಿಕ್ಕಿನೊಳಗೆ
ಶ್ಯಾವಿಗೆಯ ಎಳೆಯೊಂದು.
ಮೂರು ದಿನ ಬಿಟ್ಟು ಎಣಿಸಿದರೆ ಏಳು.

ಗರಗಸ ಹಿಡಿದದ್ದು ಹುಲಿಗೆಮ್ಮ. ತಲೆ ಹಿಡಿದದ್ದು ನಾನು,
ಜಾವಳ ತೆಗೆಸುವಾಗ ಸೋದರಮಾವ ಹಿಡಿದಂತೆ.
ಎಣ್ಣೆ ಡಬ್ಬಿಯ ಮಣ್ಣಿಗೆ ಇಳಿಸಿ ಗ್ವಾಡಿ ದಾಟಿಸಿದೆವು.
ವಾರ ಪೂರ್ತಿ ಎಲೆ ಜೋತಿದ್ದವು. ಮೌಲಾಬಿ
ಹಳೆಯ ಓಢಣಿ ಒದ್ದೆ ಮಾಡಿ ಹೊದಿಸಿ
ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕೂತಳು.

ಇಲ್ಲಿ ಮೊಟಕು ಕಾಂಡ.
ಇದನ್ನಾದರೂ ಮಾಯಿಸುವೆನೆಂದು ಅರಿಶಿನ ಹಚ್ಚಿದೆ.
ಮೇಲೆ ಕಲ್ಲಿನಲ್ಲಿ, ತುದಿ ಒತ್ತಿ ನಿಂತಲ್ಲಿ,
ಅಂಗೈಯಷ್ಟು ಹಸಿರು ಕಲೆ. ತೊಳೆದಿಲ್ಲ.

ಆಡಿಟ್ಟಿನ ದಿನ ಗುಮಾಸ್ತ ವಿರೂಪಣ್ಣ
ಕನ್ನಡಕ ಏರಿಸಿ ಕೇಳಿದ:
"ಈ ಹೆಸರಿಲ್ಲದ ಹೊರರೋಗಿ ಯಾರ್ರಿ? ಗುಣ ಆದನೇನು?"
"ಮೊದಲ ಸಲ ಆಗಿದ್ದ" ಅಂದೆ,
"ಅದಾ ತಪ್ಪಾಗಿತ್ತು."